ಗೋಡೆಗೆ ರೋಲರ್, ಸುಣ್ಣಕ್ಕೆ ಕುಂಚ



ಮಹಾನವಮಿ ಹತ್ತಿರ ಬಂತೆಂದರೆ ದೇವದುರ್ಗ, ಮಾನ್ವಿ ತಾಲ್ಲೂಕಿನ ಹಳ್ಳಿಗಳಲ್ಲಿ ಸುಣ್ಣ-ಬಣ್ಣದ ಕೆಲಸ ಮೊದಲಾಗುತ್ತದೆ. ಮದುವೆ ಗೊತ್ತಾದ ಮನೆಗಳಲ್ಲಿ ಯಾವ ಕಾಲಕ್ಕೂ ಇದೇ ಕೆಲಸ. ರಾಯಚೂರು ಪೇಟೆಗೆ ಹೋದವರು ಈಗ ಕುಂಚದ ಜೊತೆಗೆ ರೋಲರನ್ನೂ ಕೊಂಡು ತರುತ್ತಾರೆ. ಕೆನಡಾ ದೇಶದ ಟೊರಾಂಟೊ ನಗರದ ನಾರ್ಮನ್ ಬ್ರೇಕಿ ಎಂಬವರು 1940ರಲ್ಲಿ ಮಾಡಿದ ಸಾಧನವಿದು ಎಂದು ಹೇಳುತ್ತಾರೆ. ಆದರೆ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಕೂಡದು ಎಂಬುದು ತಿಳಿಯದಿದ್ದರೆ ದುಡ್ಡೂ ಹೋಗುತ್ತದೆ, ಗೋಡೆಯೂ ಕೆಡುತ್ತದೆ.

ಈ ಪಾಠವನ್ನು ನಾನು ಕೈ ಸುಟ್ಟುಕೊಂಡೇ ಕಲಿತೆ. ದೇವದುರ್ಗದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಗೋಡೆ ಒರಟು ಗಿಲಾವಿನದು. ಅಗ್ಗವೆಂದು ಸ್ಪಂಜಿನ ರೋಲರ್ ತಂದು ಉರುಳಿಸಿದೆ. ಉಬ್ಬಿದ ಕಡೆ ಮಾತ್ರ ಬಣ್ಣ ಹತ್ತಿತು, ತಗ್ಗುಗಳೆಲ್ಲ ಕಪ್ಪಗೆ ಉಳಿದವು. ಮನೆಯ ಅಜ್ಜಿ ನೋಡಿ, “ತಮ್ಮಾ, ಗ್ವಾಡಿಗಿ ಸಿಡುಬು ಬಂದಂಗ ಆಗೇದಲ್ಲೋ” ಎಂದರು. ಎರಡನೆಯ ಸಲ ಬಣ್ಣ ಕೊಂಡು ತರಬೇಕಾಯಿತು.

1. ಮೊದಲು ಗೋಡೆಯನ್ನು ನೋಡಿರಿ

ಮಣ್ಣಿನ ಗೋಡೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ, ತೊಲೆ ಜಂತಿಗಳ ಮಾಳಿಗೆ ಇವುಗಳಿಗೆ ಸುಣ್ಣವೇ ಮೇಲು. ಇಂಥ ಗೋಡೆ ನೆಲದ ತೇವವನ್ನು ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತದೆ. ಸುಣ್ಣ ಆ ತೇವಕ್ಕೆ ದಾರಿ ಬಿಡುತ್ತದೆ. ಎಣ್ಣೆ ಬಣ್ಣ ದಾರಿ ಕಟ್ಟುತ್ತದೆ. ಆಗ ತೇವ ಒಳಗೇ ನಿಂತು, ಮುಂದಿನ ಮಳೆಗಾಲಕ್ಕೆ ಬಣ್ಣ ಹಪ್ಪಳದಂತೆ ಎದ್ದು ಬೀಳುತ್ತದೆ. ಮಗಳ ಮದುವೆಗೆಂದು ಸಾಲ ಮಾಡಿ ಹಚ್ಚಿಸಿದ ಬಣ್ಣ ವರ್ಷದೊಳಗೆ ಉದುರಿದ ಮನೆಯನ್ನು ನಾನು ಕಂಡಿದ್ದೇನೆ. ಸಾಲ ಮಾತ್ರ ಉದುರಲಿಲ್ಲ.

ಸುಣ್ಣದ ನೀರು ತೆಳು. ರೋಲರಿನಿಂದ ಅದು ತೊಟ್ಟಿಕ್ಕುತ್ತದೆ, ಸಂದಿಗೂ ಸೇರುವುದಿಲ್ಲ. ಅದಕ್ಕೆ ನಾರಿನ ಕುಂಚವೇ ಸರಿ. ಸಿಮೆಂಟ್ ಗಿಲಾವಿನ ಗೋಡೆಗೆ ಡಿಸ್ಟೆಂಪರ್ ಅಥವಾ ಎಮಲ್ಷನ್ ಹಚ್ಚುವಾಗ ರೋಲರ್ ಉಪಯೋಗಕ್ಕೆ ಬರುತ್ತದೆ.

2. ಯಾವ ಗೋಡೆಗೆ ಯಾವ ರೋಲರ್?

ರೋಲರಿನ ಮೈಮೇಲಿನ ಉಣ್ಣೆಯಂಥ ಎಳೆಯ ಉದ್ದವನ್ನು ನೋಡಿ ಕೊಳ್ಳಬೇಕು. ಗೋಡೆ ಎಷ್ಟು ಒರಟೋ ಎಳೆ ಅಷ್ಟು ಉದ್ದವಿರಬೇಕು.

ಪುಟ್ಟಿ ಹಾಕಿ ನುಣುಪು ಮಾಡಿದ ಗೋಡೆಗೆ: ಸುಮಾರು 6 ಮಿ.ಮೀ.
ಸಾಧಾರಣ ಗಿಲಾವಿಗೆ: 10ರಿಂದ 12 ಮಿ.ಮೀ.
ಒರಟು ಗಿಲಾವು, ಸಂದಿಯುಳ್ಳ ಕಲ್ಲಿನ ಛತ್ತು, ಹಲಗೆಯ ಗುರುತು ಉಳಿದ ಕಾಂಕ್ರೀಟ್ ಛತ್ತು ಇವುಗಳಿಗೆ: 18ರಿಂದ 20 ಮಿ.ಮೀ.

ಸ್ಪಂಜಿನ ರೋಲರ್ ನುಣುಪಾದ ಬಾಗಿಲಿಗೆ ಸಾಕು. ಗೋಡೆಗೆ 9 ಅಂಗುಲ ಅಗಲದ್ದು, ಕಿಟಕಿಯ ಪಕ್ಕದ ಇಕ್ಕಟ್ಟಿಗೆ 4 ಅಂಗುಲದ್ದು ಅನುಕೂಲ. ಕೊಳ್ಳುವಾಗ ಎಳೆಯನ್ನು ಬೆರಳಿನಿಂದ ಮೆಲ್ಲಗೆ ಜಗ್ಗಿ ನೋಡಿರಿ. ಕೈಗೆ ಬಂದರೆ ಗೋಡೆಗೂ ಅಂಟುತ್ತದೆ. ಹಿಡಿಕೆಗೆ ಕೋಲು ಸಿಕ್ಕಿಸಲು ಬರುವಂಥದ್ದನ್ನೇ ಆರಿಸಿರಿ.

3. ಬಣ್ಣದ ಲೆಕ್ಕ

12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಂದಿಟ್ಟುಕೊಳ್ಳಿರಿ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು ಕಿಟಕಿಗೆ 30 ಕಳೆದರೆ 410. ಛತ್ತಿನ 120 ಕೂಡಿಸಿದರೆ 530 ಚದರ ಅಡಿ. ಎರಡು ಸಲ ಹಚ್ಚಲು ಲೀಟರಿಗೆ 100 ಚದರ ಅಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ 5.3 ಲೀಟರ್ ಬೇಕು. ಒರಟು ಗೋಡೆ ಹೆಚ್ಚು ಬಣ್ಣ ಕುಡಿಯುತ್ತದೆ. ಕಾಲು ಭಾಗ ಹೆಚ್ಚು ಹಿಡಿದರೆ ಸುಮಾರು 7 ಲೀಟರ್. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿರಿ.

4. ಕೆಲಸದ ಕ್ರಮ

(ಅ) ಗೋಡೆಯನ್ನು ಅಂಗೈಯಿಂದ ಒರಸಿರಿ. ಬಿಳಿ ಪುಡಿ ಅಂಟಿದರೆ ಹಳೆಯ ಸುಣ್ಣ ಸಡಿಲಾಗಿದೆ. ಅದನ್ನು ಕೆರೆದು, ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಹಚ್ಚಬೇಕು. ಇಲ್ಲವಾದರೆ ಒದ್ದೆ ರೋಲರ್ ಹಳೆಯ ಪದರವನ್ನೇ ಕಿತ್ತುಕೊಂಡು ಬರುತ್ತದೆ. ಬಿರುಕುಗಳನ್ನು ತುಂಬಿರಿ. ಕಾಳು ಇಡುವ ಕೋಣೆಯಲ್ಲಿ ಇದನ್ನು ಮರೆಯಲೇಕೂಡದು. ನುಸಿ ಹುಳುಗಳಿಗೆ ಬಿರುಕೇ ಮನೆ.

(ಆ) ಮೊದಲು ಛತ್ತು, ಆಮೇಲೆ ಗೋಡೆ, ಕಡೆಗೆ ಬಾಗಿಲು. ಮೂಲೆ, ಅಂಚುಗಳಿಗೆ 2 ಅಂಗುಲದ ಕುಂಚದಿಂದ ಮುಂಚೆಯೇ ಬಣ್ಣ ಎಳೆದುಕೊಳ್ಳಬೇಕು. ರೋಲರ್ ಮೂಲೆಗೆ ಹೋಗುವುದಿಲ್ಲ.

(ಇ) ಹೊಸ ರೋಲರನ್ನು ನೀರಿನಲ್ಲಿ ತೊಳೆದು, ಚೆನ್ನಾಗಿ ಕೊಡವಿ ಬಳಸಿರಿ. ತಟ್ಟೆಯ ಬಣ್ಣದಲ್ಲಿ ಪೂರ್ತಿ ಮುಳುಗಿಸಬೇಡಿರಿ. ಸ್ವಲ್ಪ ಅದ್ದಿ, ತಟ್ಟೆಯ ಇಳಿಜಾರಿನಲ್ಲಿ ನಾಲ್ಕು ಸಲ ಉರುಳಿಸಿದರೆ ಬಣ್ಣ ಸಮನಾಗಿ ಹಿಡಿಯುತ್ತದೆ.

(ಈ) ಮೂರಡಿ ಅಗಲದ ಪಟ್ಟಿಯಲ್ಲಿ ಓರೆಯಾಗಿ ಮೇಲೆ ಕೆಳಗೆ ಉರುಳಿಸಿ ಬಣ್ಣ ಹರಡಿರಿ. ಆಮೇಲೆ ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ. ಪಕ್ಕದ ಪಟ್ಟಿ ಹಸಿ ಇರುವಾಗಲೇ ಮುಂದಿನದು ಅದರ ಮೇಲೆ ಸ್ವಲ್ಪ ಏರಬೇಕು. ಒರಟು ಛತ್ತಿಗೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಉರುಳಿಸಿದರೆ ತಗ್ಗುಗಳೂ ತುಂಬುತ್ತವೆ. ಒತ್ತಿ ತಿಕ್ಕಿದರೆ ಬಣ್ಣ ಮೈಮೇಲೆ ಸಿಡಿಯುವುದೇ ಹೊರತು ಗೋಡೆಗೆ ಹೆಚ್ಚು ಹತ್ತುವುದಿಲ್ಲ.

(ಉ) ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಕಾದ ಗೋಡೆಗೆ ಹಚ್ಚಿದ ಬಣ್ಣ ಹರಡುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ಹೊರಗೋಡೆಯ ಕೆಲಸವನ್ನು ಬೆಳಗಿನ ತಂಪಿನಲ್ಲಿ, ನೆರಳು ಬಿದ್ದ ಕಡೆಯಲ್ಲಿ ಮಾಡಿರಿ. ಮಳೆಗಾಲದ ತೇವ ಆರುವ ತನಕ ಕಾಯಿರಿ.

5. ಜೀವದ ಎಚ್ಚರಿಕೆ

ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಧರಿಸಿರಿ. ಬಿದ್ದರೆ ಉಜ್ಜದೆ, ಶುದ್ಧ ನೀರನ್ನು ಕಾಲು ಗಂಟೆಗೂ ಹೆಚ್ಚು ಹೊತ್ತು ಹೊಯ್ದು ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿರಿ. ಛತ್ತಿಗೆ ಬಳಿಯಲು ಡಬ್ಬದ ಮೇಲೆ ಡಬ್ಬ ಇಟ್ಟು ಹತ್ತುವ ಬದಲು ರೋಲರಿಗೆ ಉದ್ದ ಕೋಲು ಸಿಕ್ಕಿಸಿ ನೆಲದ ಮೇಲೇ ನಿಲ್ಲಿರಿ.

ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂಬ ನಿಯಮ 2016ರಲ್ಲಿ ಆಗಿ, 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಬಾಗಿಲನ್ನು ಒಣಗಿದಂತೆಯೇ ಉಜ್ಜಬೇಡಿರಿ. ನೀರು ಹಚ್ಚಿ ಉಜ್ಜಿರಿ, ಮಕ್ಕಳನ್ನು ದೂರವಿಡಿರಿ. ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ. ಮನೆಯಲ್ಲಿ ಉಳಿದ ಹಳೆಯ ಎಣ್ಣೆ ಬಣ್ಣವನ್ನು ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚುವುದೂ ಬೇಡ. ದನ ನೆಕ್ಕಿದರೆ ಅದಕ್ಕೂ ವಿಷವೇ.

ಸೊಳ್ಳೆಗಾಗಿ ಗೋಡೆಯ ಒಳಮೈಗೆ ಔಷಧಿ ಸಿಂಪಡಿಸಿದ್ದರೆ ಎರಡು ಮೂರು ತಿಂಗಳು ಸುಣ್ಣ-ಬಣ್ಣ ಬೇಡ. ಬಳಿದರೆ ಔಷಧಿ ಮುಚ್ಚಿಹೋಗುತ್ತದೆ.

6. ಕೆಲಸ ಮುಗಿದ ಮೇಲೆ

ಊಟಕ್ಕೆ ಎದ್ದಾಗ ರೋಲರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿರಿ. ಸಂಜೆ ನೀರು ತಿಳಿಯಾಗುವ ತನಕ ತೊಳೆದು ತೂಗುಹಾಕಿರಿ. ತೊಳೆದ ನೀರನ್ನು ಕಾಲುವೆಗೂ ದನ ಕುಡಿಯುವ ತೊಟ್ಟಿಗೂ ಬಿಡಬಾರದು. ಹೀಗೆ ನೋಡಿಕೊಂಡ ರೋಲರ್ ಓಣಿಯ ನಾಲ್ಕು ಮನೆಗಳಿಗೆ ಬಂದೀತು. ನಾಲ್ವರು ಕೂಡಿ ಒಂದು ಕೊಂಡರೂ ಆಯಿತು.

ಬಂಧುಗಳೇ, ನೆಲದ ಗುಣ ನೋಡದೆ ನೀವು ಬೀಜ ಹಾಕುವುದಿಲ್ಲ. ಗೋಡೆಯ ಗುಣ ನೋಡದೆ ಬಣ್ಣವನ್ನೂ ಕೊಳ್ಳಬೇಡಿರಿ. ಸಂದೇಹವಿದ್ದರೆ ಬಾಗಿಲ ಹಿಂದಿನ ಒಂದು ಮೊಳ ಜಾಗಕ್ಕೆ ಮೊದಲು ಹಚ್ಚಿ, ಎರಡು ದಿನ ಬಿಟ್ಟು ನೋಡಿರಿ. ಗೋಡೆಯೇ ಉತ್ತರ ಹೇಳುತ್ತದೆ.

ಇಂತಿ,
ನಿಮ್ಮ ಗ್ರಾಮಸೇವಕ