ತಾನಾಗೇ ಆಫ್ ಆಗುವ ಕಂಪ್ಯೂಟರ್: ಮೊದಲು ಜಾಬ್ ಶೀಟ್, ಆಮೇಲೆ ಜಗಳ

ಹೊಸ ಡೆಸ್ಕ್‌ಟಾಪ್ ಕೆಲಸದ ನಡುವೆ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಸರ್ವಿಸ್ ಸೆಂಟರ್‌ಗೆ ಹೊತ್ತೊಯ್ದರೆ ಅಲ್ಲಿ ಗಂಟೆಗಟ್ಟಲೆ ಚೆನ್ನಾಗಿ ಓಡುತ್ತದೆ. ‘ಮಷಿನ್ ಸರಿ ಇದೆ, ನಿಮ್ಮ ಮನೆ ಕರೆಂಟೇ ಸರಿಯಿಲ್ಲ’ ಎನ್ನುತ್ತಾರೆ. ಸಂಜೆ ಮತ್ತೆ ಅದೇ ಕತೆ. ಕಾನೂನು ಗ್ರಾಹಕನ ಪರವಾಗಿಯೇ ಇದೆ. ಆದರೆ ಬಂದು ಹೋಗುವ ದೋಷವನ್ನು ರುಜುವಾತು ಮಾಡುವುದೇ ಕಷ್ಟ.

ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಅದರ ಪ್ರಕಾರ ಸರಕಿನ ಗುಣಮಟ್ಟ ಕೆಟ್ಟಿದ್ದರೆ ‘ದೋಷ’, ವಾರಂಟಿ ಇದ್ದೂ ನೆಟ್ಟಗೆ ರಿಪೇರಿ ಮಾಡಿಕೊಡದಿದ್ದರೆ ‘ಸೇವಾ ನ್ಯೂನತೆ’. ಎರಡನ್ನೂ ಒಂದೇ ದೂರಿನಲ್ಲಿ ಹೇಳಬಹುದು. ಆದರೆ ತಪ್ಪು ಯಂತ್ರದ್ದೋ ಬಳಸಿದವರದ್ದೋ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಹಾಗಾಗಿ ಮನೆಯಲ್ಲಿ ನೀವು ಮಾಡುವ ತಪಾಸಣೆಯೇ ಮುಂದೆ ನಿಮ್ಮ ಸಾಕ್ಷ್ಯ.

ಮೊದಲು ಬೇರೆ ಪ್ಲಗ್ ಪಾಯಿಂಟ್‌ಗೆ, ಸಾಧ್ಯವಾದರೆ ಒಳ್ಳೆಯ ಯುಪಿಎಸ್‌ಗೆ ಹಾಕಿ ನೋಡಿ. ಅಲ್ಲೂ ಆಫ್ ಆದರೆ ‘ಕರೆಂಟ್’ ನೆಪ ಅರ್ಧ ಬಿದ್ದಂತೆ. ವಿಡಿಯೊ ಎಡಿಟಿಂಗ್, ಗೇಮ್‌ನಂಥ ಭಾರದ ಕೆಲಸದಲ್ಲಷ್ಟೇ ಆಫ್ ಆಗುತ್ತಿದ್ದರೆ ಅನುಮಾನ ಬಿಸಿಯ ಮೇಲೆ, ಇಲ್ಲವೇ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮೇಲೆ. ಫ್ಯಾನ್ ನಿಂತು ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಕಂಪ್ಯೂಟರನ್ನು ತಾನೇ ಆಫ್ ಮಾಡಿಸುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆ ಸಿಗುತ್ತದೆ. ಯಾಕೆ ಆಫ್ ಆಯಿತು ಎಂದು ಅದು ಹೇಳುವುದಿಲ್ಲ, ನಿಯಮದಂತೆ ಶಟ್‌ಡೌನ್ ಆಗಿರಲಿಲ್ಲ ಎಂದಷ್ಟೇ ಹೇಳುತ್ತದೆ. ಆದರೂ ತಾರೀಕು, ಸಮಯ ಸಮೇತ ಇರುವುದರಿಂದ ಬೆಲೆಯುಳ್ಳದ್ದು; ಫೋಟೊ ತೆಗೆದಿಟ್ಟುಕೊಳ್ಳಿ. ವಾರಂಟಿ ಇರುವಾಗ ಕ್ಯಾಬಿನೆಟ್ ಬಿಚ್ಚಿ ಬಿಡಿಭಾಗ ಬದಲಿಸಬೇಡಿ. ಬಿಚ್ಚಿದವರು ನೀವೇ ಎಂಬ ವಾದ ಆಮೇಲೆ ಕೊರಳಿಗೆ ಬೀಳುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಸೆಂಬಲ್ ಮಾಡಿಸಿದ ಸಿಸ್ಟಂ ಆದರೆ ಪ್ರತಿ ಭಾಗಕ್ಕೂ ಬೇರೆ ವಾರಂಟಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಸರಕು ವಾಪಸಿಲ್ಲ’ ಎಂಬ ಬೋರ್ಡಿಗೂ ದೋಷದ ಸರಕಿನ ಮುಂದೆ ಬಲವಿಲ್ಲ. ಬಿಲ್‌ನಲ್ಲಿ ಗಡುವು ಇಲ್ಲದಿದ್ದರೆ 30 ದಿನದೊಳಗೆ ದೋಷದ ಸರಕನ್ನು ಹಿಂಪಡೆದು ಹಣ ಕೊಡಲು ಒಪ್ಪದಿರುವುದೂ ಅನುಚಿತವೇ.

ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಸಲವೂ ಜಾಬ್ ಶೀಟ್ ಕೇಳಿ ಪಡೆಯಿರಿ. ಅದರಲ್ಲಿ ‘ಚೆಕಿಂಗ್’ ಎಂದಷ್ಟೇ ಗೀಚಿದ್ದರೆ ಸಹಿ ಹಾಕಬೇಡಿ. ‘ಬಳಸುತ್ತಿರುವಾಗ ತಾನಾಗೇ ಆಫ್ ಆಗುತ್ತದೆ’ ಎಂದು ಬರೆಸಿ. ಒಂದೇ ದೋಷಕ್ಕೆ ಮೂರು ಜಾಬ್ ಶೀಟ್ ಇದ್ದವರ ಮಾತಿಗೆ ಸಿಗುವ ತೂಕ ನೂರು ಫೋನ್ ಕರೆಗೆ ಸಿಗದು. (ಕೊಡುವ ಮುನ್ನ ಫೈಲುಗಳ ಕಾಪಿ ಮಾಡಿಕೊಳ್ಳಿ. ಡೇಟಾ ಹೋದರೆ ವಾರಂಟಿ ಸಾಮಾನ್ಯವಾಗಿ ಕಾಯುವುದಿಲ್ಲ.)

ಇಷ್ಟಾದ ಮೇಲೂ ಜಗ್ಗದಿದ್ದರೆ ಮಾರಾಟಗಾರ, ತಯಾರಕ ಇಬ್ಬರಿಗೂ ಲಿಖಿತ ನೋಟಿಸ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿದರೆ ಕೆಲವು ಪ್ರಕರಣ ಅಲ್ಲೇ ಬಗೆಹರಿಯುತ್ತವೆ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲ ಎಂಬ ಆಕ್ಷೇಪ ಬಂದೀತು. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಒಂದು ಸಿಸ್ಟಂ ಇಟ್ಟುಕೊಂಡ ಡಿಟಿಪಿ ಕೆಲಸದವರನ್ನು ಕಾಯ್ದೆ ಗ್ರಾಹಕರೆಂದೇ ನೋಡುತ್ತದೆ.

ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ 38ನೇ ಕಲಮಿನಡಿ ಆಯೋಗ ಸರಕನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದರ ಶುಲ್ಕವನ್ನು ದೂರುದಾರರೇ ಮೊದಲು ಕಟ್ಟಬೇಕಾದೀತು. ಪರೀಕ್ಷೆ ಬೇಕಾದ ಪ್ರಕರಣ 5 ತಿಂಗಳಲ್ಲಿ, ಬೇಡವಾದದ್ದು 3 ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ಅಷ್ಟರಲ್ಲೇ ಮುಗಿಯುತ್ತದೆಂದು ಲೆಕ್ಕ ಹಾಕಬೇಡಿ. ಗೆದ್ದರೆ ದುರಸ್ತಿ, ಬದಲಿ ಯಂತ್ರ ಅಥವಾ ಹಣ ವಾಪಸು, ಜೊತೆಗೆ ಪರಿಹಾರ ಕೊಡಿಸಬಹುದು.

ದೂರು ಕೊಡಲು ಎರಡು ವರ್ಷ ಗಡುವು. ‘ಮುಂದಿನ ವಾರ ಪಾರ್ಟ್ ಬರುತ್ತೆ’ ಎಂಬ ಭರವಸೆ ಕೇಳುತ್ತಾ ಕೂತರೆ ಆ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬೇಕಾಗುತ್ತದೆ.