ಬೆಟ್ಟದ ಬುಡದಲ್ಲೊಂದು ಧ್ಯಾನಕುಟೀರ

ಧ್ಯಾನವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಿಮಾಲಯದ ಗುಹೆ, ಗಂಗೆಯ ದಡ, ದಟ್ಟವಾದ ಕಾಡು. ಹಾಗಾದರೆ ಕಡಲೇಕಾಯಿ ಹೊಲ, ಕುರುಚಲು ಗಿಡ, ಬಿಸಿಲಿಗೆ ಕಾದ ಬಂಡೆಗಳ ನಮ್ಮ ಸೀಮೆಯಲ್ಲಿ ನಾಲ್ಕು ಜನ ಮೌನವಾಗಿ ಕೂರಲು ಸ್ಥಳವೇ ಇಲ್ಲವೇ? ರತ್ನಗಿರಿಯ ಬೆಟ್ಟವನ್ನು ದಿನವೂ ಕಾಣುವ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ನಮ್ಮ ತಾಲ್ಲೂಕಿನಲ್ಲೇ ಇರುವ ಹೇಮಾವತಿ, ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಸಿದ್ಧೇಶ್ವರನು ಲಿಂಗರೂಪದಲ್ಲಿಲ್ಲ, ಮಾನವರೂಪದಲ್ಲಿ ಕುಳಿತಿದ್ದಾನೆ. ಈ ಬಿಸಿಲುನಾಡಿನಲ್ಲಿ ಸುಮ್ಮನೆ ಕೂರುವುದು ಹೊಸ ಸಂಗತಿಯೇನೂ ಅಲ್ಲ.

ಇಂತಹ ಬೆಟ್ಟದ ಬುಡದಲ್ಲಿ ಒಂದು ಚಿಕ್ಕ ಧ್ಯಾನಕುಟೀರವನ್ನು ಕಟ್ಟುವುದಾದರೆ ಮೊದಲು ಏನನ್ನು ಯೋಚಿಸಬೇಕು? ಕಟ್ಟಡದ ನಕ್ಷೆಯನ್ನೆಂದು ಹಲವರು ಹೇಳುವರು. ನೀರನ್ನು ಎಂದು ನಾವು ಹೇಳುತ್ತೇವೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು, ಎಂದರೆ ಚಂದ್ರಗಿರಿಯನ್ನು ನೋಡಿರಿ. ಪ್ರವಾಸಕ್ಕೆ ಹೋದವರೆಲ್ಲ ಎದುರಿನ ದೊಡ್ಡಬೆಟ್ಟವನ್ನು ಹತ್ತಿ, ಗೊಮ್ಮಟನನ್ನು ಕಂಡು, ಬಸ್ಸು ಹಿಡಿಯುತ್ತಾರೆ. ಆದರೆ ಗೊಮ್ಮಟಮೂರ್ತಿಗಿಂತ ಮುನ್ನೂರು ವರ್ಷಗಳಿಗೂ ಮೊದಲೇ, ಸುಮಾರು ಕ್ರಿ.ಶ. 600ರ ಶಾಸನದ ಕಾಲಕ್ಕಾಗಲೇ, ಈ ಚಿಕ್ಕಬೆಟ್ಟ ತಪಸ್ವಿಗಳ ನೆಲೆಯಾಗಿತ್ತು. ಕಳ್ಬಪ್ಪು ಎಂಬುದು ಅದರ ಹಳೆಯ ಹೆಸರು. ಅಲ್ಲಿ ಭದ್ರಬಾಹುವಿನ ಹೆಸರಿನ ಗುಹೆಯುಂಟು. ಸಹಜವಾದ ಬಂಡೆಯ ಆಸರೆಯೇ ಅದರ ಮೂಲ. ಅದೇ ಬೆಟ್ಟದ ಮೇಲೆ ಕಂಚಿನ ದೊಣೆ, ಲಕ್ಕಿ ದೊಣೆ ಎಂಬ ಎರಡು ನೀರಿನ ದೊಣೆಗಳಿವೆ. ಲಕ್ಕಿ ಎಂಬ ಹೆಣ್ಣುಮಗಳು ಮಾಡಿಸಿದ್ದಿರಬೇಕೆಂದು ಹೆಸರಿನಿಂದ ಊಹಿಸುತ್ತಾರೆ. ಊಟವನ್ನು ಬಿಟ್ಟವರಿಗೂ ನೀರು ಬೇಕಾಗಿತ್ತು. ಗುಹೆ ಎಷ್ಟು ಮುಖ್ಯವೋ ದೊಣೆಯೂ ಅಷ್ಟೇ ಮುಖ್ಯ.

ಈಗ ನಮ್ಮ ಲೆಕ್ಕಕ್ಕೆ ಬರೋಣ. 2022ರಲ್ಲಿ ಜಿಲ್ಲೆಗಳು ಒಡೆದಾಗ ಮಡಕಶಿರಾ ಭಾಗವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಮಳೆ ಮಾತ್ರ ಹಳೆಯ ಅನಂತಪುರದ್ದೇ. ವರ್ಷದ ಸರಾಸರಿಯನ್ನು ಸುಮಾರು 55 ಸೆಂಟಿಮೀಟರ್ ಎಂದಿಟ್ಟುಕೊಳ್ಳಿರಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಬೋಳುಬಂಡೆಯ ಮೇಲೆ ವರ್ಷಕ್ಕೆ ಬೀಳುವ ನೀರು 55,000 ಲೀಟರು. ಮೊದಲ ಮಳೆ ಬಂಡೆಯನ್ನು ತೊಳೆದು ಹೋಗುತ್ತದೆ. ಸಣ್ಣ ಮಳೆ ಬಿಸಿಬಂಡೆಯ ಮೇಲೆಯೇ ಆರಿಹೋಗುತ್ತದೆ. ಅರ್ಧ ಕೈಗೆ ಬಂದರೆ 27,500 ಲೀಟರು. ಅದನ್ನು 365 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 75 ಲೀಟರು. ಕುಡಿಯಲು, ಅಡಿಗೆಗೆ, ಕೈಕಾಲು ತೊಳೆಯಲು ತಲೆಗೆ ಹದಿನೈದು ಲೀಟರಿನಂತೆ ಐವರಿಗಾಯಿತು. ಆದುದರಿಂದ ನಮ್ಮ ಕುಟೀರ ಐವರದು. ಐವತ್ತು ಜನರಿಗೆ ಕಟ್ಟಬೇಕೆಂದು ದಾನಿಗಳು ಎಷ್ಟೇ ಹಣ ಕೊಟ್ಟರೂ, ಜನರ ಸಂಖ್ಯೆಯನ್ನು ನಿಶ್ಚಯಿಸುವುದು ಬಂಡೆಯೇ ಹೊರತು ಹಣವಲ್ಲ. ಮಳೆ ಕೈಕೊಟ್ಟ ವರ್ಷ ಮೂವರೇ.

ಕೊಳವೆಬಾವಿ ಕೊರೆಸಿದರಾಯಿತಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ ನೀರು ಕಾಣದೆ ಕೈಬಿಟ್ಟ ಕೊಳವೆಬಾವಿಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅವುಗಳ ಸಾಲ ತೀರಿಸಲು ಬೆಂಗಳೂರಿಗೆ ಕೂಲಿಗೆ ಹೋದವರ ಮನೆಗಳೂ ನಮಗೆ ಗೊತ್ತು. ಬುಡದ ಹೊಲದ ಬಾವಿಯ ಸೆಲೆಯನ್ನು ಎಳೆದುಕೊಂಡು ಮೇಲೆ ಕಣ್ಣುಮುಚ್ಚಿ ಕುಳಿತರೆ ಅದು ಯಾವ ಶಾಂತಿ?

ಬಂಡೆಯ ಮೇಲೆ ಕಲ್ಲು, ಸುಣ್ಣದ ಗಾರೆಯಿಂದ ಗೇಣೆತ್ತರದ ಕಟ್ಟೆಯನ್ನು ಓರೆಯಾಗಿ ಕಟ್ಟಿ ನೀರನ್ನು ದೊಣೆಗೆ ತಿರುಗಿಸಬೇಕು. ದೊಣೆ ಅಗಲವಾಗಿರಬಾರದು, ಆಳವಾಗಿರಬೇಕು. ನಮ್ಮ ಬಿಸಿಲು ಮತ್ತು ಗಾಳಿಗೆ ಬಯಲಲ್ಲಿ ನಿಂತ ನೀರು ವರ್ಷಕ್ಕೆ ಒಂದೂವರೆ, ಎರಡು ಮೀಟರಿನಷ್ಟು ಆವಿಯಾಗುತ್ತದೆ. ಬೀಳುವುದು ಅರ್ಧ ಮೀಟರು! ಎರಡು ಬಂಡೆಗಳ ಸಂದಿನ ನೆರಳಿನ ದೊಣೆ ಬೇಸಿಗೆಯಲ್ಲೂ ಉಳಿಯುವುದು ಇದೇ ಕಾರಣಕ್ಕೆ. ಮೇಲೆ ಚಪ್ಪಡಿ ಮುಚ್ಚಿದರೆ ಇನ್ನೂ ಒಳ್ಳೆಯದು. ಕುಡಿಯುವ ನೀರನ್ನು ಕಾಯಿಸಿಕೊಳ್ಳಬೇಕು. ಶೌಚದ ಗುಂಡಿ ದೊಣೆಗಿಂತ ಕೆಳಗೆ, ದೂರದಲ್ಲಿರಬೇಕು.

ಕಟ್ಟಡದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಒಬ್ಬ ಮನುಷ್ಯನಿಗೆ ಬೇಕಾದ ಸ್ಥಳವೆಷ್ಟು ಎಂಬುದಕ್ಕೆ ತಮಿಳುನಾಡಿನ ಸಿತ್ತನ್ನವಾಸಲ್ ಒಳ್ಳೆಯ ಉದಾಹರಣೆ. ಅಲ್ಲಿನ ಬೆಟ್ಟದ ಆಸರೆಯಲ್ಲಿ ಜೈನ ಮುನಿಗಳಿಗಾಗಿ ಕೆತ್ತಿದ 17 ಕಲ್ಲುಹಾಸಿಗೆಗಳಿವೆ. ಮೈಚಾಚುವಷ್ಟು ಜಾಗ, ಅಷ್ಟೇ. ಶ್ರೀಲಂಕೆಯ ಮಿಹಿಂತಲೆಯ ಬೌದ್ಧ ಗುಹೆಗಳ ನೆತ್ತಿಯಲ್ಲಿ ಒಂದು ಗೀಟು ಕೊರೆದಿರುವುದನ್ನು ಕಾಣಬಹುದು. ಅದು ಅಲಂಕಾರವಲ್ಲ. ಮಳೆನೀರು ಬಂಡೆಗೆ ಅಂಟಿಕೊಂಡು ಒಳಕ್ಕೆ ಹರಿಯುವ ಬದಲು ಆ ಗೀಟಿನ ಬಳಿ ಕಳಚಿ ಹನಿಯಾಗಿ ಹೊರಗೆ ಬೀಳುತ್ತದೆ. ಉಳಿಯೊಂದರಿಂದಲೇ ಮಾಡು ಸಿದ್ಧವಾಯಿತು!

ಆಸರೆ ಬಂಡೆ ಸಿಕ್ಕದಿದ್ದರೆ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಕೋಣೆ ಸಾಕು. ಶಾಲೆಯ ಬಯಲಿನಲ್ಲಿ ಹಗ್ಗ ಹಿಡಿದು ಗುರುತು ಮಾಡಿ ಒಳಗೆ ಕುಳಿತು ನೋಡಿರಿ. ಚಿಕ್ಕದೆನಿಸುವುದು ಮೊದಲ ಹತ್ತು ನಿಮಿಷ ಮಾತ್ರ. ಬಾಗಿಲು ಪೂರ್ವಕ್ಕಿರಲಿ. ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲೂ ಆಷಾಢದ ಬಿರುಗಾಳಿಯೂ ಹೊಡೆಯುವುದರಿಂದ ಅಲ್ಲಿ ಕಿಟಕಿ ಬೇಡ. ನಾವಿರುವುದು ಹದಿನಾಲ್ಕನೆಯ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಬರಿಯ ಕಲ್ಲುಚಪ್ಪಡಿಯ ಮಾಡು ಕಾದ ಹೆಂಚಾಗುತ್ತದೆ. ನಮ್ಮ ಹಿರಿಯರು ಮಾಳಿಗೆಗೆ ಹಾಕುತ್ತಿದ್ದ ಚೌಳುಮಣ್ಣನ್ನೇ ಇದಕ್ಕೂ ಹಾಕಬೇಕು. ಬೆಳೆಗೆ ಕೆಟ್ಟದಾದ ಆ ಮಣ್ಣು ನೆನೆದಾಗ ಬಿಗಿದುಕೊಂಡು ಸೋರದಂತೆ ತಡೆಯುತ್ತದೆ. ಆದರೆ ಅದರ ಮೇಲೆ ಬಿದ್ದ ನೀರು ಕುಡಿಯಲು ಬಾರದು. ಬಂಡೆಯ ನೀರನ್ನು ನಂಬಿದುದು ಇದಕ್ಕಾಗಿಯೂ ಹೌದು.

ಸ್ಥಳ ನಿಶ್ಚಯಿಸುವ ಮೊದಲು ಅಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅರ್ಧ ಗಂಟೆ ಕುಳಿತು ಕಿವಿಗೆ ಬಿದ್ದುದನ್ನೆಲ್ಲ ಬರೆದುಕೊಳ್ಳಬೇಕು. ಜಾತ್ರೆಯ ಮೈಕಿನಿಂದ ತಪ್ಪಿಸಿಕೊಳ್ಳುವುದು ಮಾತ್ರ ಯಾವ ನಕ್ಷೆಯಿಂದಲೂ ಆಗದ ಕೆಲಸ! ಕುರಿಗಾಹಿಯ ಕೂಗನ್ನು ಗದ್ದಲವೆಂದು ಬರೆಯಬೇಡಿ. ಕುಟೀರಕ್ಕಿಂತ ಮೊದಲು ಆ ಬೆಟ್ಟಕ್ಕೆ ಬಂದವನು ಅವನು. ಬೆಟ್ಟಕ್ಕೆ ಬೇಲಿ ಹಾಕಿದರೆ ಅವನ ದಾರಿಯೂ ಸೌದೆ ತರುವವರ ದಾರಿಯೂ ಮುಚ್ಚುತ್ತದೆ. ಬೇಲಿ ಬೇಕಾದುದು ಸಸಿಗಳಿಗೆ. ಕಟ್ಟುವುದಕ್ಕೆ ಎರಡು ವರ್ಷ ಮೊದಲೇ ಹೊಂಗೆ, ಬೇವು, ಹುಣಸೆಗಳನ್ನು ಪಡುವಣ ಬದಿಯಲ್ಲಿ ನೆಟ್ಟು, ಒಂದೊಂದಕ್ಕೂ ಜಾಲಿಮುಳ್ಳು ಸುತ್ತಿ, ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಬೇಕು. ದೊಣೆಯನ್ನೂ ಅಷ್ಟರಲ್ಲಿ ಸಿದ್ಧಮಾಡಿ, ಎರಡನೆಯ ವರ್ಷದ ಯುಗಾದಿಯ ಹೊತ್ತಿಗೆ ಅದರಲ್ಲಿ ಎಷ್ಟು ನೀರು ಉಳಿದಿದೆಯೆಂದು ಕೋಲು ಇಳಿಬಿಟ್ಟು ಅಳೆಯಬೇಕು. ಗೋಡೆಗೆ ಮೊದಲ ಕಲ್ಲನ್ನು ತರಿಸುವುದು ಆಮೇಲೆ.