ಹದಿಹರೆಯದ ಮಕ್ಕಳೂ ಜಾಲತಾಣದ ಸಂಗವೂ



ಗೃಹಸ್ಥಾಶ್ರಮವು ಭಕ್ತಿಗೆ ಅಡ್ಡಿಯೆಂದು ನಮ್ಮ ಶರಣರು ಎಣಿಸಲಿಲ್ಲ. ಸತಿಪತಿಗಳೊಂದಾಗಿ ಕಾಯಕ ಮಾಡಿ, ದಾಸೋಹ ನಡೆಸಿ, ಮಕ್ಕಳನ್ನು ಸನ್ಮಾರ್ಗದಲ್ಲಿ ಬೆಳೆಯಿಸುವುದೂ ಶಿವಪೂಜೆಯ ಅಂಗವೆಂದೇ ಬಗೆದು ಬಾಳಿದರು. ಆದುದರಿಂದ ಮಗುವಿಗೆ ಲಿಂಗದೀಕ್ಷೆಯನ್ನು ಕೊಡಿಸಿದ ಮಾತ್ರಕ್ಕೆ ತಂದೆತಾಯಿಗಳ ಹೊಣೆಯು ತೀರಿತೆಂದು ತಿಳಿಯಲಾಗದು. ದೀಕ್ಷೆ ಪಡೆದ ಮಗುವು ಯಾರ ಸಂಗದಲ್ಲಿ ಬೆಳೆಯುತ್ತಿದೆಯೆಂಬುದನ್ನು ನೋಡುವುದೂ ಅವರ ಧರ್ಮವಾಗಿದೆ.

ಹಿಂದೆ ಮಕ್ಕಳ ಸಂಗವು ಓಣಿಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಶಾಲೆಯ ಅಂಗಳದಲ್ಲಿ ಹಿರಿಯರ ಕಣ್ಣಿಗೆ ಕಾಣುತ್ತಿದ್ದಿತು. ೨೦೨೦ನೆಯ ಇಸವಿಯಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಅನೇಕ ಮಕ್ಕಳ ಕೈಗೆ ಮೊಬೈಲು ಬಂದಿತು. ಶಾಲೆಗಳು ತೆರೆದವು, ಮೊಬೈಲು ಕೈಯಲ್ಲಿಯೇ ಉಳಿಯಿತು. ಈಗ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗನಾಗಲಿ ಹುಡುಗಿಯಾಗಲಿ ಯಾರೊಡನೆ ಮಾತಾಡುತ್ತಿರುವರೆಂಬುದು ಪಕ್ಕದಲ್ಲಿ ಕುಳಿತ ತಾಯಿಗೂ ತಿಳಿಯದು.

“ಹಂಪೆ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು” ಎಂಬ ಗಾದೆಯು ನಮ್ಮ ಸೀಮೆಯಲ್ಲಿ ಮನೆಮಾತಾಗಿದೆ. ಶ್ರೀ ಮರುಳಸಿದ್ಧೇಶ್ವರನ ದೇವಾಲಯದ ಶಿಲ್ಪಸಂಪತ್ತು ಒಳಹೊಕ್ಕವನಿಗಲ್ಲದೆ ಕಾಣಿಸದು. ಈ ಮಾತನ್ನೇ ಇಂದಿನ ವಿಷಯಕ್ಕೆ ಕೈದೀವಿಗೆಯಾಗಿ ಹಿಡಿಯಬಹುದು. ಜಾಲತಾಣವು ಹೊರಗನ್ನು ಮಾತ್ರ ತೋರಿಸುತ್ತದೆ; ಒಳಗನ್ನು ನೋಡುವ ಅಭ್ಯಾಸವನ್ನು ಮಕ್ಕಳಿಗೆ ನಾವೇ ಮಾಡಿಸಬೇಕಾಗಿದೆ.

೧. ಸಂಗದ ಪರೀಕ್ಷೆ

ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಪ್ರಶ್ನಿಸಿ, ಪರೀಕ್ಷಿಸಿ, ಆ ಮೇಲೆ ಶರಣಗೋಷ್ಠಿಗೆ ಬರಮಾಡಿಕೊಂಡ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ನಿರೂಪಿತವಾಗಿದೆ. ಅಂಥ ಮಹಾಮಹಿಮಳಿಗೂ ಪರೀಕ್ಷೆಯು ತಪ್ಪಲಿಲ್ಲ. ಆಕೆ ಅದನ್ನು ಅವಮಾನವೆಂದು ಬಗೆಯಲೂ ಇಲ್ಲ. ಹೀಗಿರುವಲ್ಲಿ, ಹೆಸರು ಊರು ಗೊತ್ತಿಲ್ಲದ ಒಬ್ಬನು ಕಳುಹಿದ ಸ್ನೇಹದ ಕೋರಿಕೆಯನ್ನು ನಮ್ಮ ಮಕ್ಕಳು ಒಂದು ಬೆರಳಿನ ಸ್ಪರ್ಶದಿಂದ ಒಪ್ಪಿಕೊಳ್ಳುವುದು ಎಷ್ಟರ ಮಟ್ಟಿಗೆ ಸರಿ?

ಲಾಂಛನವನ್ನು ಕಂಡು ಮರುಳಾಗದೆ ಆಚಾರವನ್ನು ನೋಡಬೇಕೆಂದು ವಚನಕಾರರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಜಾಲತಾಣದ ಭಾವಚಿತ್ರವು ಬರಿಯ ಲಾಂಛನ. ಹದಿನಾರರ ಹುಡುಗಿಯ ಚಿತ್ರದ ಹಿಂದೆ ನಲವತ್ತರ ವಂಚಕನಿರಬಹುದು. ಪ್ರತ್ಯಕ್ಷವಾಗಿ ಪರಿಚಯವಿಲ್ಲದವನನ್ನು ಗೆಳೆಯರ ಪಟ್ಟಿಗೆ ಸೇರಿಸತಕ್ಕದ್ದಲ್ಲ; ಸೇರಿಸಿಕೊಂಡವನು ಗುಟ್ಟಾಗಿ ಮಾತಾಡೋಣವೆಂದಾಗಲಿ, ತಂದೆತಾಯಿಗಳಿಗೆ ಹೇಳಬೇಡವೆಂದಾಗಲಿ ಅಂದೊಡನೆ ಅವನ ಆಚಾರವು ಬಯಲಾಯಿತೆಂದು ತಿಳಿಯತಕ್ಕದ್ದು.

೨. ವಂಚನೆಯ ಕ್ರಮವೂ ಹಿರಿಯರ ಕೋಪವೂ

ವಂಚನೆಯು ನಡೆಯುವ ಕ್ರಮವನ್ನು ಗೃಹಸ್ಥರು ತಿಳಿದಿರುವುದು ಅವಶ್ಯ. ಮೊದಲು ಹೊಗಳಿಕೆ, ಬಳಿಕ ಸಲಿಗೆ, ಆ ಮೇಲೆ ಒಂದು ಖಾಸಗಿ ಚಿತ್ರದ ಬೇಡಿಕೆ, ಚಿತ್ರವು ಕೈಸೇರಿದೊಡನೆ ಬೆದರಿಕೆ. “ಹಣ ಕೊಡು, ಇಲ್ಲವಾದರೆ ನಿನ್ನ ಬಂಧುಗಳಿಗೆಲ್ಲ ಕಳುಹುವೆನು” ಎಂಬುದೇ ಅದರ ಕೊನೆಯ ಮಾತು. ಚಿತ್ರ ಕೊಡದ ಮಗುವಿನ ಸಾಮಾನ್ಯ ಭಾವಚಿತ್ರವನ್ನೇ ಯಂತ್ರದಿಂದ ತಿದ್ದಿ ಹೆದರಿಸುವವರೂ ಉಂಟು. ಇದಕ್ಕೆ ಹೆಣ್ಣುಮಕ್ಕಳಂತೆ ಗಂಡುಮಕ್ಕಳೂ ಸಿಲುಕುತ್ತಾರೆ.

ಇಲ್ಲಿ ವಂಚಕನ ನಿಜವಾದ ಬಂಡವಾಳವು ಆ ಚಿತ್ರವಲ್ಲ. ತಂದೆಯ ಕೋಪಕ್ಕೆ ಮಗುವು ಪಡುವ ಭಯವೇ ಅವನ ಬಂಡವಾಳ. ಆ ಭಯದಿಂದಲೇ ಮಗುವು ಮನೆಯ ಹಣವನ್ನು ಕದಿಯುತ್ತದೆ, ಊಟ ಬಿಡುತ್ತದೆ, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳಲು ಎಣಿಸುತ್ತದೆ. ಬಸವಣ್ಣನವರು ಕಳವು, ಕೊಲೆ, ಹುಸಿಗಳೊಡನೆ ಕೋಪವನ್ನೂ ತೊರೆಯಬೇಕೆಂದು ವಿಧಿಸಿದುದರ ಅರ್ಥವನ್ನು ಇಂಥ ಸಂದರ್ಭದಲ್ಲಿ ಮನನ ಮಾಡಬೇಕು. “ಏನೇ ಆಗಿರಲಿ, ಮೊದಲು ನಮಗೆ ಹೇಳು, ನಿನ್ನನ್ನು ಕೈಬಿಡುವುದಿಲ್ಲ” ಎಂಬ ಅಭಯವು ಮನೆಯಲ್ಲಿ ಮೊದಲೇ ಸಿಕ್ಕಿದ್ದರೆ ವಂಚಕನ ಅಸ್ತ್ರವು ಮುರಿದಂತೆಯೇ.

ಮಗು ಹೇಳಿಕೊಂಡಾಗ ಮಾಡತಕ್ಕದ್ದಿಷ್ಟು. ಹಣವನ್ನು ಕೊಡಬಾರದು, ಒಮ್ಮೆ ಕೊಟ್ಟರೆ ಬೇಡಿಕೆಯು ಬೆಳೆಯುತ್ತದೆ. ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ವಂಚಕನ ಖಾತೆಯ ವಿವರವನ್ನು ಉಳಿಸಿಕೊಂಡು ಆತನ ಸಂಪರ್ಕವನ್ನು ತಡೆದು, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಕೊಡಬೇಕು. ಮಕ್ಕಳ ಅಶ್ಲೀಲ ಚಿತ್ರಗಳ ವಿಷಯದಲ್ಲಿ ಹೆಸರು ತಿಳಿಸದೆಯೂ ಅಲ್ಲಿ ದೂರು ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ ೧೯೩೦ಕ್ಕೆ, ಮಕ್ಕಳ ಸಹಾಯಕ್ಕೆ ೧೦೯೮ಕ್ಕೆ ಕರೆ ಮಾಡಬೇಕು. ‘ಟೇಕ್ ಇಟ್ ಡೌನ್’ ಎಂಬ ಸೇವೆಯು ಹದಿನೆಂಟರೊಳಗಿನವರ ಇಂಥ ಚಿತ್ರಗಳು ಹಲವು ಜಾಲತಾಣಗಳಲ್ಲಿ ಹರಡದಂತೆ ತಡೆಯಲು ನೆರವಾಗುತ್ತದೆ. ಅದಕ್ಕಾಗಿ ಚಿತ್ರವನ್ನು ಯಾರಿಗೂ ಕಳುಹಬೇಕಾಗಿಲ್ಲ.

ಠಾಣೆಗೆ ಹೋದರೆ ಮಾನ ಹೋಗುವುದೆಂದು ಅಂಜುವವರು ೨೦೧೨ರ ಪೋಕ್ಸೊ ಕಾಯಿದೆಯನ್ನು ತಿಳಿಯಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲಾಗಲಿ ಮಗು ಬಯಸಿದೆಡೆಯಲ್ಲಾಗಲಿ, ಸಮವಸ್ತ್ರ ಧರಿಸದ ಅಧಿಕಾರಿಯು, ಸಾಧ್ಯವಾದಮಟ್ಟಿಗೆ ಮಹಿಳೆಯೇ, ಬರೆದುಕೊಳ್ಳಬೇಕೆಂದೂ ಮಗುವಿನ ಗುರುತು ಪ್ರಕಟವಾಗಬಾರದೆಂದೂ ಆ ಕಾಯಿದೆಯು ವಿಧಿಸಿದೆ.

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕಾಗಿದೆ. ಮಗಳ ಮೊಬೈಲಿನಲ್ಲಿ ಏನೋ ಕಂಡಿತೆಂದು ಆಕೆಯ ಓದನ್ನು ನಿಲ್ಲಿಸಿ, ಹದಿನೆಂಟು ತುಂಬುವ ಮೊದಲೇ ಲಗ್ನ ಗೊತ್ತುಮಾಡುವುದು ರಕ್ಷಣೆಯಲ್ಲ. ಅನ್ಯಾಯವೂ ಅಪರಾಧವೂ ಆಗಿದೆ. ಹೆಣ್ಣಿಗೆ ಲಿಂಗವನ್ನೂ ವಚನದ ವಾಣಿಯನ್ನೂ ಕೊಟ್ಟ ಧರ್ಮವನ್ನು ಆಚರಿಸುವವರು ತಪ್ಪು ಮಾಡಿದವನನ್ನು ಬಿಟ್ಟು ನೊಂದವಳನ್ನು ದಂಡಿಸಲಾಗದು.

೩. ನುಡಿಯ ಶುದ್ಧಿ

ನಮ್ಮ ಮಕ್ಕಳು ಮೋಸಹೋಗುವವರು ಮಾತ್ರವಲ್ಲ, ನೋಯಿಸುವವರೂ ಆಗಬಹುದು. ಸಹಪಾಠಿಯ ಚಿತ್ರವನ್ನು ವಿಕಾರಗೊಳಿಸಿ ನಗುವುದು, ಜಾತಿಯನ್ನೆತ್ತಿ ಹೀಯಾಳಿಸುವುದು, ಕೇಳಿದ್ದನ್ನೆಲ್ಲ ಮುಂದಕ್ಕೆ ಕಳುಹುವುದು ಇಂದು ಆಟವಾಗಿದೆ. ೨೦೧೮ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯು ವಾಟ್ಸಾಪಿನಲ್ಲಿ ಹಬ್ಬಿ, ನಿರಪರಾಧಿ ತರುಣನೊಬ್ಬನು ಜನರ ಕೈಯಿಂದ ಹತನಾದನು. ದೇಶದಲ್ಲಿ ನಡೆದ ಇಂಥ ಕೊಲೆಗಳ ನಂತರ ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಮುಂದಕ್ಕೆ ಕಳುಹದಂತೆ ಮಿತಿಯನ್ನು ಹಾಕಿತು. ಯಂತ್ರವು ಹಾಕುವ ಮಿತಿಗಿಂತ ಮನಸ್ಸು ಹಾಕಿಕೊಳ್ಳುವ ಮಿತಿಯು ದೊಡ್ಡದು. ಹುಸಿ, ಅನ್ಯರಲ್ಲಿ ಅಸಹ್ಯ, ಆತ್ಮಸ್ತುತಿ, ಪರನಿಂದೆ ಇವುಗಳನ್ನು ಬಿಡುವುದೇ ಅಂತರಂಗ ಬಹಿರಂಗಗಳ ಶುದ್ಧಿಯೆಂಬ ಬಸವಬೋಧೆಯು ಬಾಯಿಯ ನುಡಿಗೆ ಹೇಗೋ ಬೆರಳಿನ ನುಡಿಗೂ ಹಾಗೆಯೇ ಅನ್ವಯಿಸುತ್ತದೆ.

೪. ಮನೆಯ ನೇಮ

ಸರ್ಕಾರಗಳೂ ಈ ವಿಷಯದಲ್ಲಿ ಎಚ್ಚೆತ್ತಿವೆ. ಆಸ್ಟ್ರೇಲಿಯ ದೇಶವು ೨೦೨೫ರ ಡಿಸೆಂಬರಿನಿಂದ ಹದಿನಾರು ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ನಿರ್ಬಂಧಿಸಿತು. ಆದರೆ ಕಾಯಿದೆಯು ಮನೆಯ ಹೊಸ್ತಿಲಿನವರೆಗೆ ಬರಬಲ್ಲದು. ಒಳಗಿನ ನೇಮವನ್ನು ಗೃಹಸ್ಥನೇ ನಡೆಸಬೇಕು.

ಹದಿಮೂರು ತುಂಬದ ಮಗುವಿಗೆ ಸುಳ್ಳು ವಯಸ್ಸು ಬರೆದು ಖಾತೆ ತೆರೆಯಬಾರದು. ಹುಸಿಯಿಂದ ಮೊದಲಾದುದು ಹಿತವಾಗಲಾರದು. ಖಾತೆಯನ್ನು ಪರಿಚಿತರಿಗೆ ಮಾತ್ರ ಕಾಣುವಂತೆ ಇಡಿಸಬೇಕು. ಶಾಲೆಯ ಹೆಸರು, ಇರುವ ಸ್ಥಳ, ದೂರವಾಣಿ ಸಂಖ್ಯೆ ಇವು ಹೊರಗೆ ತೋರಬಾರದು. ಗುಪ್ತಪದವನ್ನೂ ಒಟಿಪಿಯನ್ನೂ ಗೆಳೆಯರಿಗೂ ಕೊಡಬಾರದು. ರಾತ್ರಿ ಮಲಗುವಾಗ ಮನೆಯವರೆಲ್ಲರ ಮೊಬೈಲುಗಳೂ ನಡುಮನೆಯ ಒಂದೇ ಮಾಡದಲ್ಲಿರಲಿ. ಪೂಜೆ ಪ್ರಸಾದಗಳ ವೇಳೆಯಲ್ಲಿ ತಂದೆಯು ತಾನೇ ಮೊಬೈಲನ್ನು ನೋಡುತ್ತ ಕುಳಿತರೆ ಮಗನಿಗೆ ಹೇಳುವ ಬುದ್ಧಿವಾದವು ನೀರಿನ ಮೇಲಣ ಬರಹವಾದೀತು. ಬಿಡಲಾಗದ ಗೀಳು ಹತ್ತಿದ್ದರೆ ನಾಚಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೧೪ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಚಿಕಿತ್ಸಾಲಯವು ಆರಂಭವಾಗಿದೆ.

ಮೊಬೈಲು ಸ್ವತಃ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ವಚನಗಳನ್ನು ಓದುವುದಕ್ಕೂ ವಿದ್ಯೆಯನ್ನು ಕಲಿಯುವುದಕ್ಕೂ ಅದು ಒದಗುತ್ತದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿಯನ್ನು ನಿಲ್ಲಿಸುವುದು ನಮ್ಮ ಪೂಜೆಯ ಕ್ರಮ. ಅದೇ ಅಂಗೈಯಲ್ಲಿ ಇಂದು ಜಗತ್ತೆಲ್ಲವೂ ಬಂದು ಕುಳಿತಿರುವಾಗ, ದಿನಕ್ಕೆ ಸ್ವಲ್ಪ ಕಾಲವಾದರೂ ಮಕ್ಕಳೊಡನೆ ಕುಳಿತು ಲಿಂಗಪೂಜೆ ಮಾಡಿ, ಅನಂತರ ಅವರ ಮಾತನ್ನು ಕೋಪವಿಲ್ಲದೆ ಕೇಳಿದರೆ ಅದೇ ಅವರಿಗೆ ಶ್ರೀರಕ್ಷೆ. ಶ್ರೀ ಜಗದ್ಗುರು ಮರುಳಸಿದ್ಧರ ಕೃಪೆಯಿಂದ ಸದ್ಭಕ್ತರ ಮನೆಗಳಲ್ಲಿ ಮಕ್ಕಳು ನಿರ್ಭಯರಾಗಿ, ಆಚಾರವಂತರಾಗಿ ಬೆಳೆಯಲಿ.

ಸರ್ವರಿಗೂ ಸನ್ಮಂಗಲವಾಗಲಿ.